ರಾಗಿ ಪುಸ್ತಕ ಹೊಲಿದ ವರ್ಷ

ಕಳೆದ ವಾರ ಜಯನಗರದಲ್ಲಿ ಇದ್ದಕ್ಕಿದ್ದಂತೆ ಮಳೆ ಹಿಡಿಯಿತು. ಕೊಡೆ ಮನೆಯಲ್ಲಿತ್ತು. ಓಡಿಹೋಗಿ ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿಯೊಂದರ ತಗಡಿನ ಸೂರಿನಡಿ ನಿಂತುಕೊಂಡೆ. ಒಳಗೆ ಹೊಸ ರೆಕ್ಸಿನ್ ಸುರುಳಿ ಬಿಚ್ಚುತ್ತಿದ್ದರು. ರೆಕ್ಸಿನ್ನು, ಹಳದಿ ಅಂಟು, ಮಳೆಗೆ ತೇವ ಹಿಡಿದ ರಟ್ಟು, ಈ ಮೂರೂ ಬೆರೆತ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಇಟ್ಟಮಡುವಿನ ಗೌರಮ್ಮನವರ ಶೆಡ್ಡಿಗೆ ಹೋಗಿಬಿಟ್ಟಿದ್ದೆ. "ಏನ್ ಬೇಕಿತ್ತು ಮೇಡಂ?" ಎಂದು ಅಂಗಡಿಯವರು ಎರಡು ಸಲ ಕೇಳಿದ ಮೇಲೆ ನನಗೆ ಕೇಳಿಸಿತು. ಮಳೆ ನಿಂತು ಆಟೋಗಳು ಮತ್ತೆ ಓಡಾಡತೊಡಗಿದರೂ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

ಆ ಶೆಡ್ಡಿನಲ್ಲಿ ಪುಸ್ತಕ ಹೊಲಿದ ವರ್ಷವೂ ಇಂಥದ್ದೇ ಜೂನ್ ಮಳೆಯಲ್ಲಿ ಶುರುವಾಗಿತ್ತು. ನಾನಾಗ ಜಯನಗರದಲ್ಲಿ, ಮನೆಗಳ ಒಳಾಂಗಣ ವಿನ್ಯಾಸ ಮಾಡುವ ಒಂದು ಕಚೇರಿಯಲ್ಲಿದ್ದೆ. ನನ್ನದು ಸ್ಯಾಂಪಲ್ ರೂಮಿನ ಉಸ್ತುವಾರಿ. ಸೋಫಾ ಬಟ್ಟೆ, ಪರದೆ ಬಟ್ಟೆ, ಮರದ ಹಲಗೆಗೆ ಅಂಟಿಸುವ ಲ್ಯಾಮಿನೇಟ್ ಚೂರು, ಟೈಲ್ಸ್ ತುಂಡು, ಕಾರ್ಪೆಟ್ಟು, ಚರ್ಮ ಎಂದು ಕಂಪನಿಗಳು ನಮೂನೆಗಳ ದಪ್ಪ ದಪ್ಪ ಪುಸ್ತಕ ಕಳಿಸುತ್ತಿದ್ದವು. ಗಿರಾಕಿಗಳು ಬಂದು ಮುಟ್ಟಿ, ಸವರಿ, ಗಂಡ ಹೆಂಡತಿ ಜಗಳವಾಡಿ ಒಂದನ್ನು ಆರಿಸಿಕೊಳ್ಳುತ್ತಿದ್ದರು. ನಾಲ್ಕು ತಿಂಗಳಿಗೊಮ್ಮೆ ಹೊಸ ಪುಸ್ತಕ ಬರುತ್ತಿತ್ತು. ಹಳೆಯದು ಚೆನ್ನಾಗಿದ್ದರೂ ಹೊರಗೆ ಹೋಗಬೇಕು. ಆ ಜೂನ್‌ನಲ್ಲಿ ಹಳೆಯ ಪುಸ್ತಕಗಳು ಕಿಟಕಿಯವರೆಗೆ ಬೆಳೆದಿದ್ದವು. ಗುಜರಿಯವರನ್ನು ಕರೆಸಿದೆ. ಅವರು ಒಂದನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟರು.

"ಆಗಲ್ಲ ಮೇಡಂ. ರಟ್ಟಿಗೆ ಬಟ್ಟೆ ಅಂಟಿಸವ್ರೆ, ಬಟ್ಟೆಗೆ ಫೋಮ್ ಅಂಟಿಸವ್ರೆ. ಇದನ್ನ ರಟ್ಟು ಅಂತ ತಗೊಳ್ಳಾ, ಬಟ್ಟೆ ಅಂತ ತಗೊಳ್ಳಾ?"

ನಾನು ಗದಗದ ಕಡೆಯವಳು. ಬೊಗಸೆಯಷ್ಟು ಅರಿವೆ ಚೂರು ಎಸೆದರೂ ನಮ್ಮವ್ವ ಬಾಯಿ ಮಾಡುತ್ತಿದ್ದಳು. ಅದೆಲ್ಲ ಬಟ್ಟೆ ಚೂರು ಜೋಡಿಸಿ ಹೊಲಿಯುವ ಕೌದಿಗೆ ಹೋಗಬೇಕು. ಆ ರೂಮಿನ ತುಂಬ ಇದ್ದ ರೇಷ್ಮೆ, ಮಖಮಲ್ಲು, ಚರ್ಮವನ್ನು ಕಸದ ಲಾರಿಗೆ ಹಾಕಿಸಲು ನನಗೆ ಕೈ ಬರಲಿಲ್ಲ. ಎರಡು ಆಟೋ ತುಂಬಿಸಿಕೊಂಡು ಇಟ್ಟಮಡುವಿಗೆ, ನಾನು ಬಾಡಿಗೆಗಿದ್ದ ಮನೆಗೆ ತಂದೆ.

ಮನೆಯ ಒಡತಿ ಗೌರಮ್ಮ ಗೇಟಿನಲ್ಲೇ ಇದ್ದರು. ಅರವತ್ತೈದು ದಾಟಿದ ಹೆಂಗಸು. ಇಟ್ಟಮಡು ಹಳ್ಳಿಯಾಗಿದ್ದಾಗ ಅದೇ ಜಾಗದಲ್ಲಿ ರಾಗಿ, ಸೊಪ್ಪು ಬೆಳೆದವರು. ಈಗ ಅಲ್ಲಿ ಮೂರಂತಸ್ತಿನ ಕಟ್ಟಡ, ಐದು ಬಾಡಿಗೆ ಮನೆ. ಕೆಳಗಿನ ಶೆಡ್ಡಿನಲ್ಲಿ ಮೊದಲು ಹೊಲಿಗೆ ಘಟಕವೊಂದಿತ್ತು. ಅದು ಮುಚ್ಚಿ, ಮೂರು ಹಳೆಯ ಮಷೀನುಗಳನ್ನು ಬಿಟ್ಟುಹೋಗಿತ್ತು.

"ಏನೇ ಸುಮಂಗಲಾ ಇದು? ಊರ್ ಕಸಾನೆಲ್ಲಾ ನಮ್ಮನೇಗೆ ತಂದ್ಯಾ?"

"ಕಸ ಅಲ್ರೀ ಗೌರಮ್ಮ. ಮುಟ್ಟಿ ನೋಡ್ರಿ."

ಅವರು ಒಂದು ಪುಸ್ತಕ ತೆರೆದು ಹೆಬ್ಬೆರಳು, ತೋರುಬೆರಳ ನಡುವೆ ಬಟ್ಟೆಯನ್ನು ಉಜ್ಜಿ ನೋಡಿದರು. ಧಾನ್ಯ ಪರೀಕ್ಷಿಸುವ ರೀತಿ ಅದು. ಎರಡನೆಯದು, ಮೂರನೆಯದು. ಆಮೇಲೆ ಸೆರಗಿನಲ್ಲಿದ್ದ ಬೀಗದಕೈ ಗೊಂಚಲು ಬಿಚ್ಚಿ ಶೆಡ್ಡಿನ ಬಾಗಿಲು ತೆಗೆದರು. "ಒಂದ್ ತಿಂಗ್ಳು" ಅಂದರು. ಆ ತಿಂಗಳು ಇನ್ನೂ ಮುಗಿದಿಲ್ಲ.

ಮೊದಲು ಬಂದದ್ದು ಬೀದಿಯ ಮಕ್ಕಳು. ಶನಿವಾರ ಮಧ್ಯಾಹ್ನ ಶೆಡ್ಡಿನ ಬಾಗಿಲು ತೆರೆದು, ಕತ್ತರಿ, ಅಂಟು, ದಾರ ಇಟ್ಟು ಕೂತೆ. ಲ್ಯಾಮಿನೇಟಿನಿಂದ ಲೆಕ್ಕ ಕಲಿಯುವ ಬಿಲ್ಲೆ, ಕಾರ್ಪೆಟ್ಟಿನಿಂದ ಕರಡಿ, ಟೈಲ್ಸಿನಿಂದ ರಂಗೋಲಿ. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ತಾಯಂದಿರು ಬಾಗಿಲಲ್ಲೇ ನಿಲ್ಲುತ್ತಿದ್ದರು, ಆಮೇಲೆ ಒಳಗೆ ಕೂತರು, ಆಮೇಲೆ ಕತ್ತರಿ ಹಿಡಿದರು. ಆಗಸ್ಟ್ ಹೊತ್ತಿಗೆ ಆರು ಜನ ಹೆಂಗಸರು ದಿನಾ ಬಂದು ಹೊಲಿಗೆ ಕಲಿಯುತ್ತಿದ್ದರು. ಕಲಿಸುತ್ತಿದ್ದವಳು ರೇಣುಕಾ.

ರೇಣುಕಾ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಕಾಲರ್ ಹೊಲಿದವಳು. ಮೂವತ್ತಾರರ ವಯಸ್ಸು, ಗಂಡ ಆಟೋ ಓಡಿಸುತ್ತಾನೆ. ಕೆಲಸ ಯಾಕೆ ಬಿಟ್ಟೆ ಎಂದರೆ "ಸಾಕಾಯ್ತು ಅಕ್ಕ" ಎನ್ನುತ್ತಿದ್ದಳು. ಗೌರಮ್ಮನ ಹಳೆಯ ಮಷೀನಿಗೆ ಎಣ್ಣೆ ಬಿಟ್ಟು, ಅವಳು ಕೂತು ಮೊದಲ ಗೆರೆ ಹೊಲಿದಾಗ ಶೆಡ್ಡಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ನೋಡಿದ್ದೆವು. ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ಆದರೆ ಅವಳಿಗೆ ಎರಡು ಕೆಟ್ಟ ಅಭ್ಯಾಸಗಳಿವೆ ಅಂದುಕೊಂಡಿದ್ದೆ. ಒಂದು, ಓಡಾಡುವಾಗ ಪಕ್ಕದಲ್ಲಿಟ್ಟ ಡಬ್ಬಿ, ರಟ್ಟಿನ ಪೆಟ್ಟಿಗೆ ಎಲ್ಲಕ್ಕೂ ಡಿಕ್ಕಿ ಹೊಡೆಯುತ್ತಿದ್ದಳು. ಇನ್ನೊಂದು, ಎಂಥ ಕೆಲಸವಿದ್ದರೂ ಸಂಜೆ ಐದೂವರೆಗೆ ಎದ್ದು ಹೊರಟುಬಿಡುತ್ತಿದ್ದಳು. ಒಮ್ಮೆ ಗುಂಡಿಗಳ ಡಬ್ಬಿ ಚೆಲ್ಲಿದಾಗ "ಸ್ವಲ್ಪ ನೋಡ್ಕೊಂಡು ನಡಿ ರೇಣುಕಾ" ಎಂದು ಗದರಿದ್ದೆ. ಅವಳು ನೆಲದ ಮೇಲೆ ಕೂತು ಒಂದೊಂದೇ ಆರಿಸಿದ್ದಳು.

ನಾವು ಉಳಿಕೆ ಸಾಮಾನು ತೆಗೆದುಕೊಳ್ಳುತ್ತೇವೆ ಎಂಬ ಸುದ್ದಿ ಹರಡಿತು. ಜಯನಗರದ ಟೈಲರ್‌ಗಳು ಬಟ್ಟೆಯ ಅಂಚಿಗೆ ಹಾಕುವ ದಪ್ಪ ಪೈಪಿಂಗ್ ದಾರ, ಝಿಪ್ಪು ಕೊಟ್ಟರು. ಜಾಗ ಬದಲಿಸಿದ ಒಂದು ಆಫೀಸಿನವರು ನೆಲಹಾಸಿನ ಚೌಕಗಳನ್ನು ಕಳಿಸಿದರು. ಚಪ್ಪಲಿ ಮಾಡುವವರೊಬ್ಬರು ರಬ್ಬರ್ ಹಾಳೆ ತಂದಿಳಿಸಿದರು. ಎಲ್ಲವೂ ಹೊಸದು, ಉಳಿದದ್ದು, ಯಾರಿಗೂ ಬೇಡವಾದದ್ದು. ಅದರ ಜೊತೆಗೆ ನಿಜವಾದ ಕಸವೂ ಬರತೊಡಗಿತು. ಜೆ.ಪಿ. ನಗರದಿಂದ ದೊಡ್ಡ ಕಾರಿನಲ್ಲಿ ಬಂದ ಅಂಕಲ್ ಒಬ್ಬರು ನೆನೆದ ಸೋಫಾ ಫೋಮು, ಹರಿದ ಬನಿಯನ್‌ಗಳನ್ನು ತುಂಬಿದ ಮೂಟೆ ಇಳಿಸಿ, "ಬಡ ಮಕ್ಕಳಿಗೆ ಆಗುತ್ತೆ ಅಂತ" ಅಂದರು. ನಾನು ಸಂಕೋಚದಿಂದ ತಡವರಿಸುತ್ತಿದ್ದೆ. ಗೌರಮ್ಮ ಮೂಟೆಯೊಳಗೆ ಕೈ ಹಾಕಿ ಬನಿಯನ್ ಒಂದನ್ನು ಎರಡು ಬೆರಳಲ್ಲಿ ಹಿಡಿದೆತ್ತಿದರು.

"ಸಾರ್, ಇದನ್ನ ನಿಮ್ ಮೊಮ್ಮಗು ಕೈಗೆ ಕೊಡ್ತೀರಾ?"

"ಅಲ್ಲಮ್ಮ, ಅದು..."

"ನಿಮ್ ಮೊಮ್ಮಗು ಮುಟ್ಟೋ ಹಂಗಿದ್ರೆ ತನ್ನಿ. ನಾವು ಕೈ ಮುಗ್ದು ಇಸ್ಕೋತೀವಿ."

ಮೂಟೆ ಕಾರಿಗೆ ವಾಪಸ್ ಹೋಯಿತು. ಅಂದಿನಿಂದ ಅದೇ ನಮ್ಮ ನಿಯಮವಾಯಿತು. ಆಶ್ಚರ್ಯವೆಂದರೆ ಮುಂದಿನ ವಾರ ಅದೇ ಅಂಕಲ್ ತಮ್ಮ ಅಳಿಯನ ಕಾರ್ಖಾನೆಯಿಂದ ಎರಡು ಪೆಟ್ಟಿಗೆ ಕಾರ್ಡುರಾಯ್ ಬಟ್ಟೆಯ ತುಂಡು ತಂದುಕೊಟ್ಟರು. ಪ್ಯಾಂಟಿಗೆ ಬಳಸುವ, ಮೈಮೇಲೆ ಉದ್ದುದ್ದ ಗೀರುಗಳಿರುವ ದಪ್ಪ ಬಟ್ಟೆ. ಒಂದೂ ಕಲೆಯಿರಲಿಲ್ಲ.

ನಾಗವೇಣಿ ಮೇಡಂ ನಮ್ಮನ್ನು ಹುಡುಕಿಕೊಂಡು ಬಂದದ್ದು ಸೆಪ್ಟೆಂಬರಿನಲ್ಲಿ. ತ್ಯಾಗರಾಜನಗರದ ಒಂದು ಪುಟ್ಟ ಶಾಲೆಯಲ್ಲಿ ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುವವರು. ಅವರಿಗೂ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ನೆಟ್ಟಗೆ ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಬಿಳಿ ಕೋಲು. ನಮ್ಮಲ್ಲಿ ಹೊಲಿಗೆ ಕಲಿಯುತ್ತಿದ್ದ ಒಬ್ಬಾಕೆ ಆ ಶಾಲೆಯಲ್ಲಿ ಆಯಾ ಆಗಿದ್ದಳು, ಅವಳೇ ಕರೆತಂದಿದ್ದಳು.

"ನಮ್ಮ ಮಕ್ಕಳಿಗೆ ಓದೋಕೆ ಬ್ರೈಲ್ ಪುಸ್ತಕ ಇದೆ. ಚುಕ್ಕಿ ಮುಟ್ಟಿ ಓದ್ತಾರೆ. ಆದ್ರೆ ಚಿತ್ರ ಇಲ್ಲ. ಬೇರೆ ಮಕ್ಕಳೆಲ್ಲ ಚಿತ್ರ ನೋಡ್ತಾ ಓದೋದು ಕಲೀತಾರೆ, ನಮ್ಮೋರು ಯಾಕೆ ಬರೀ ಚುಕ್ಕೀಲಿ ಕಲೀಬೇಕು? ಮುಟ್ಟಿ ನೋಡೋ ಚಿತ್ರದ ಪುಸ್ತಕ ಮಾಡ್ಕೊಡಿ. ಒಂದು ಕ್ಲಾಸಿಗೆ ಹನ್ನೆರಡು ಸಾಕು. ಚೆನ್ನಾಗಿದ್ರೆ ಬೇರೆ ಶಾಲೆಯವರೂ ಕೇಳ್ತಾರೆ, ನಿಮ್ಮ ಹೆಂಗಸರಿಗೆ ಖಾಯಂ ಕೆಲಸ ಆಗುತ್ತೆ."

ನನಗೆ ಹಿಗ್ಗೋ ಹಿಗ್ಗು. ಮುಟ್ಟಿ ನೋಡುವ ಸಾಮಾನಿನಲ್ಲೇ ಎಂಟು ವರ್ಷ ಕಳೆದವಳು ನಾನು, ಇದಕ್ಕಿಂತ ಸರಿಯಾದ ಕೆಲಸ ಇನ್ನೇನಿದೆ? ಕಾಡಿನ ಕಥೆಯೊಂದನ್ನು ಬರೆದು ನಾನೇ ಚಿತ್ರ ಬಿಡಿಸಿದೆ. ಬೂದುಬಣ್ಣದ ಚರ್ಮದ ಆನೆ, ಹಸಿರು ಮಖಮಲ್ಲಿನ ಮರ, ನೀಲಿ ಸ್ಯಾಟಿನ್ನಿನ ಆಕಾಶ, ಹೊಳೆಯುವ ಲ್ಯಾಮಿನೇಟಿನ ಕೊಳ. ರೇಣುಕಾ ಮತ್ತು ಉಳಿದವರು ಐದು ವಾರ ಬಗ್ಗಿ ಕೂತು ಹನ್ನೆರಡು ಪುಸ್ತಕ ಹೊಲಿದರು. ನೋಡಿದವರೆಲ್ಲ ಸಖತ್ತಾಗಿದೆ ಅಂದರು. ನಮ್ಮ ಕಚೇರಿಯವರು ಫೋಟೋ ತೆಗೆದು ಗೋಡೆಗೆ ಹಾಕಿಕೊಂಡರು.

ಅಕ್ಟೋಬರಿನ ಒಂದು ಬೆಳಿಗ್ಗೆ ನಾನು, ರೇಣುಕಾ ಪುಸ್ತಕಗಳನ್ನು ಹೊತ್ತು ಶಾಲೆಗೆ ಹೋದೆವು. ಚಂದನಾ ಎಂಬ ಏಳು ವರ್ಷದ ಹುಡುಗಿಯ ಮುಂದೆ ನಾಗವೇಣಿ ಮೇಡಂ ಮೊದಲ ಪುಸ್ತಕ ತೆರೆದಿಟ್ಟರು. ಅವಳ ಬೆರಳುಗಳು ಆನೆಯ ಸುತ್ತ ಒಂದು ಸುತ್ತು ಬಂದವು, ಇನ್ನೊಂದು ಸುತ್ತು ಬಂದವು.

"ಮಿಸ್, ಇದು ದಿಂಬಾ?"

"ಆನೆಯಂತೆ" ಅಂದರು ಮೇಡಂ.

ಚಂದನಾ ಮತ್ತೆ ಸವರಿದಳು. "ಆನೆಗೆ ನಾಲ್ಕು ಕಾಲು ಅಂತ ಹೇಳಿದ್ರಿ. ಇದಕ್ಕೆ ಎರಡೇ ಇದೆ."

ನಾನು ಆನೆಯನ್ನು ಪಕ್ಕದಿಂದ ಕಾಣುವಂತೆ ಬಿಡಿಸಿದ್ದೆ. ಆ ಕಡೆಯ ಎರಡು ಕಾಲು ಈ ಕಡೆಯ ಕಾಲುಗಳ ಹಿಂದೆ ಮರೆಯಾಗಿದ್ದವು. ಕಣ್ಣಿಗೆ ಅದು ಸರಿ. ಬೆರಳಿಗೆ ಅದು ಕುಂಟ ಆನೆ. ಮೇಡಂ ಈಗ ತಾವೇ ಪುಟ ಸವರುತ್ತ ಹೋದರು. ಲ್ಯಾಮಿನೇಟ್ ಕೊಳದ ಮೂಲೆ ಬೆರಳಿಗೆ ಚುಚ್ಚಿತು. ಆಕಾಶದ ಸ್ಯಾಟಿನ್ ಮೇಲೆ ಕೈಯಿಟ್ಟು, "ಆಕಾಶ ಹೀಗೆ ಜಾರುತ್ತೆ ಅಂತ ಯಾರು ಮುಟ್ಟಿ ನೋಡಿದ್ರು?" ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

"ಹೊಲಿಗೆ ತುಂಬಾ ಚೆನ್ನಾಗಿದೆ" ಎಂದು ಪುಸ್ತಕ ಮುಚ್ಚಿದರು. "ಆದ್ರೆ ನೀವು ನಿಮ್ಮ ಕಣ್ಣಿಗೆ ಮಾಡ್ಕೊಂಡಿದ್ದೀರಾ ಮೇಡಂ. ನಮ್ಮ ಮಕ್ಕಳಿಗೆ ಇದು ಬೇಡ. ವಾಪಸ್ ತಗೊಂಡು ಹೋಗಿ."

ಹನ್ನೆರಡೂ ಪುಸ್ತಕಗಳನ್ನು ಆಟೋದಲ್ಲಿ ವಾಪಸ್ ತಂದೆವು. ಮರುದಿನ ರೇಣುಕಾ ಶೆಡ್ಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಮಾಡಿದರೆ ಗಂಡ ಎತ್ತಿ "ಮೈ ಸರಿ ಇಲ್ಲ" ಅಂದ. ಐದು ವಾರದ ಶ್ರಮವನ್ನು ವಾಪಸ್ ಹೊತ್ತು ತಂದ ಅವಮಾನ ಅವಳಿಗೆ ತಡೆಯಲಾಗಲಿಲ್ಲ ಎಂದುಕೊಂಡೆ. ಆ ಅವಮಾನಕ್ಕೆ ಕಾರಣ ನಾನು. ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ.

ಬಾಗಿಲ ಮೆಟ್ಟಿಲ ಮೇಲೆ ಬೀನ್ಸ್ ಬಿಡಿಸುತ್ತ ಕೂತಿದ್ದಳು. ನಾನು ಪಕ್ಕದಿಂದ ಬಂದು ಹತ್ತಿರ ನಿಂತರೂ ತಿರುಗಲಿಲ್ಲ. ಮಾತಾಡಿಸಿದಾಗ ಬೆಚ್ಚಿಬಿದ್ದಳು.

"ರೇಣುಕಾ, ನಿನ್ನ ಹೊಲಿಗೇಲಿ ತಪ್ಪಿಲ್ಲ. ತಪ್ಪು ನನ್ನ ಡ್ರಾಯಿಂಗಿಂದು. ಎಲ್ಲರ ಮುಂದೇನೂ ಹೇಳ್ತೀನಿ."

"ಅದಕ್ಕಲ್ಲ ಅಕ್ಕ."

"ಮತ್ತೆ?"

ಬೀನ್ಸ್ ತಟ್ಟೆಯನ್ನು ಕೆಳಗಿಟ್ಟಳು. "ಆ ಮಕ್ಕಳನ್ನ ನೋಡಿ ಭಯ ಆಯ್ತು."

ನಿಧಾನವಾಗಿ ಹೇಳಿದಳು. ಎರಡು ವರ್ಷದಿಂದ ಅವಳಿಗೆ ಪಕ್ಕದಲ್ಲಿರುವುದು ಕಾಣುತ್ತಿರಲಿಲ್ಲ. ಎದುರಿಗಿರುವುದು ಮಾತ್ರ ಸ್ಪಷ್ಟ, ಅದೂ ಬೆಳಕಿದ್ದರೆ. ಕತ್ತಲಾದರೆ ಏನೂ ಇಲ್ಲ. ಅದಕ್ಕೇ ಐದೂವರೆಗೆ ಹೊರಡುತ್ತಿದ್ದಳು. ಗಾರ್ಮೆಂಟ್ಸ್‌ನಲ್ಲಿ ಪಕ್ಕದಿಂದ ಕೊಡುವ ಪೀಸು ಕಾಣದೆ ಮೂರು ಸಲ ಬೈಸಿಕೊಂಡು, ಯಾರಿಗೂ ಹೇಳದೆ ಕೆಲಸ ಬಿಟ್ಟಿದ್ದಳು. ಕಣ್ಣಿನ ಡಾಕ್ಟರು ಇದಕ್ಕೆ ಕನ್ನಡಕವಿಲ್ಲ, ವರ್ಷ ಕಳೆದಂತೆ ಇನ್ನೂ ಕಮ್ಮಿಯಾಗುತ್ತದೆ ಎಂದಿದ್ದರು.

"ಗಂಡನಿಗೆ ಮಾತ್ರ ಗೊತ್ತು. ಶೆಡ್ಡಲ್ಲಿ ಗೊತ್ತಾದ್ರೆ ನನ್ನ ಕೈಗೆ ಕತ್ತರಿ ಕೊಡ್ತಾರಾ ಅಕ್ಕ? ಅಯ್ಯೋ ಪಾಪ ಅಂತ ಒಂದು ಕಡೆ ಕೂರಿಸ್ತಾರೆ."

"ನೋಡ್ಕೊಂಡು ನಡಿ" ಎಂದು ನಾನು ಗದರಿದ್ದು ಆ ಕ್ಷಣ ನೆನಪಾಯಿತು. ಒಂದು ಹಿಡಿ ಬೀನ್ಸ್ ತೆಗೆದುಕೊಂಡು ನಾನೂ ಬಿಡಿಸತೊಡಗಿದೆ. ತಟ್ಟೆ ಖಾಲಿಯಾದ ಮೇಲೆ, "ನಾಗವೇಣಿ ಮೇಡಂ ಹತ್ರ ಮಾತಾಡ್ತೀಯಾ?" ಎಂದು ಕೇಳಿದೆ. "ಅವರೊಬ್ಬರಿಗೆ ಹೇಳಿ" ಅಂದಳು.

ಆ ವಾರವೇ ಮೇಡಂ ಶೆಡ್ಡಿಗೆ ಬಂದರು. ಉಳಿದವರು ಊಟಕ್ಕೆ ಹೋದ ಹೊತ್ತು. ಇಬ್ಬರೂ ಎದುರುಬದುರು ಕೂತರು. ಮೇಡಂ ಸಮಾಧಾನದ ಮಾತು ಆಡಲೇ ಇಲ್ಲ.

"ಹೆದರಿಕೆ ಆಗುತ್ತಾ?"

"ಆಗುತ್ತೆ ಮೇಡಂ."

"ಆಗ್ಲಿ. ಹೆದರಿಕೆ ಇಟ್ಕೊಂಡೇ ಕೆಲಸ ಕಲೀಬಹುದು. ನಿಮ್ಮ ಕಷ್ಟ ನನಗೆ ಗೊತ್ತು ಅಂತ ಸುಳ್ಳು ಹೇಳಲ್ಲ. ನಾನು ನೋಡಿ ಕಳಕೊಂಡೋಳಲ್ಲ, ನೀವು ಕಳಕೊಳ್ತಿದ್ದೀರಾ, ಅದು ಬೇರೆ. ಆದ್ರೆ ಕೈಯಿಂದ ಕೆಲಸ ಹೆಂಗ್ ತಗೋಬೇಕು ಅನ್ನೋದು ನನಗೆ ಗೊತ್ತು. ಅದನ್ನ ಹೇಳ್ಕೊಡ್ತೀನಿ. ಪುಸ್ತಕ ಹೊಲಿಯೋದು ನೀವು ನನಗೆ ಹೇಳ್ಕೊಡಿ. ಮಾರ್ಚ್‌ನಲ್ಲಿ ಮಕ್ಕಳ ಓದಿನ ದಿನ ಇದೆ. ಅಷ್ಟರೊಳಗೆ ಆಗ್ಬೇಕು."

ಮುಂದಿನ ಶನಿವಾರ ಅವರು ಐದು ಮಕ್ಕಳನ್ನು ಕರೆತಂದರು. ಈ ಸಲ ನಾನು ಪೆನ್ಸಿಲ್ ಮುಟ್ಟಲಿಲ್ಲ. ಮಕ್ಕಳು ಕಪಾಟುಗಳ ನಡುವೆ ನಡೆದು, ಕೈಗೆ ಸಿಕ್ಕಿದ್ದನ್ನೆಲ್ಲ ಸವರಿ, ಮೂಸಿ, ತಟ್ಟಿ ಶಬ್ದ ಕೇಳಿ, ಬೇಕಾದ್ದನ್ನು ನೆಲಕ್ಕೆ ಎಳೆದು ರಾಶಿ ಹಾಕಿದರು. ನನ್ನ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದ ಹತ್ತು ಬಿಳಿ ಬಟ್ಟೆಗಳನ್ನು ಚಂದನಾ ಹತ್ತು ಕಡೆ ಬೇರೆ ಬೇರೆ ಇಟ್ಟಳು. ಮಧ್ಯಾಹ್ನ ಗೌರಮ್ಮ ಎಲ್ಲರಿಗೂ ಮುದ್ದೆ, ಬಸ್ಸಾರು ಬಡಿಸಿದರು. ಮಕ್ಕಳು ಮುದ್ದೆ ಮುರಿದು, ಉಂಡೆ ಕಟ್ಟಿ, ಸಾರಿನಲ್ಲಿ ಹೊರಳಿಸಿ ನುಂಗುತ್ತಿದ್ದರು. ಒಂದು ಹನಿ ಚೆಲ್ಲಲಿಲ್ಲ.

"ಅಜ್ಜಿ, ಮುದ್ದೆ ಎಲ್ಲಿಂದ ಬರುತ್ತೆ?" ಎಂದು ಚಂದನಾ ಕೇಳಿದಳು.

"ಹಿಟ್ಟಿಂದ."

"ಹಿಟ್ಟು?"

"ರಾಗಿಯಿಂದ ಕಣವ್ವ. ನೀನ್ ಕೂತಿದ್ದೀಯಲ್ಲ, ಇಲ್ಲೇ ಬೆಳೀತಿದ್ದೆ ನಾನು. ಈ ಶೆಡ್ಡಿರೋ ಜಾಗದಲ್ಲಿ."

ಚಂದನಾ ತಿನ್ನುವುದನ್ನು ನಿಲ್ಲಿಸಿ ನೆಲವನ್ನು ಸವರಿ ನೋಡಿದಳು. ನಾಗವೇಣಿ ಮೇಡಂ ಕೈ ಒರೆಸಿಕೊಳ್ಳುತ್ತ, "ನಮ್ಮ ಪುಸ್ತಕ ಸಿಕ್ತು" ಅಂದರು. "ಕೈಗೆ ಗೊತ್ತಿರೋದರಿಂದ ಶುರು ಮಾಡೋಣ. ಮೊದಲ ಪುಟ ಮುದ್ದೆ. ಆಮೇಲೆ ಹಿಂದೆ ಹಿಂದೆ ಹೋಗೋಣ."

ಹೀಗೆ ರಾಗಿ ಪುಸ್ತಕ ಉಲ್ಟಾ ಶುರುವಾಯಿತು. ಮೊದಲ ಪುಟದಲ್ಲಿ ತಣ್ಣನೆಯ ಲೋಹದ ಲ್ಯಾಮಿನೇಟ್ ತಟ್ಟೆ, ಈ ಸಲ ಅಂಚಿಗೆ ಬಟ್ಟೆ ಮಡಿಸಿ ಹೊಲಿದದ್ದು; ಅದರ ಮೇಲೆ ಮೆತ್ತನೆ ಚರ್ಮದ ಗುಂಡು ಮುದ್ದೆ. ಎರಡನೆಯದರಲ್ಲಿ ಹಿಟ್ಟಿನಷ್ಟು ನುಣ್ಣಗಿನ ಸ್ವೀಡ್ ಚರ್ಮ. ಮೂರನೆಯದು ಒರಟು ಟೈಲ್ಸಿನ ಬೀಸುವ ಕಲ್ಲು. ನಾಲ್ಕನೆಯದರಲ್ಲಿ ತೆಳು ಬಲೆಬಟ್ಟೆಯ ಜೇಬಿನೊಳಗೆ ನಿಜವಾದ ರಾಗಿ ಕಾಳು. ಪುಟ ಅಲ್ಲಾಡಿಸಿದರೆ ಸರಸರ ಎನ್ನಬೇಕು. ಐದನೆಯದು ತೆನೆ, ಆರನೆಯದು ಹೊಲ, ಕೊನೆಯದು ಮಳೆ.

ರೇಣುಕಾ ಒಂದು ಕಾನೂನು ಮಾಡಿದಳು: ಯಾವ ಪುಟವನ್ನೂ ಕಣ್ಣು ಮುಚ್ಚಿ ಮುಟ್ಟಿ ನೋಡದೆ ಮುಗಿಯಿತು ಅನ್ನಬಾರದು. ಆರೂ ಹೆಂಗಸರು ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಪುಟ ಸವರುತ್ತ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಗುತ್ತಿದ್ದರು. ಇಡೀ ಶೆಡ್ಡಿಗೆ ಅದು ಆಟ. ರೇಣುಕಾ ಕಲಿಯುತ್ತಿದ್ದದ್ದು ಬೇರೆ ಎಂದು ನನಗೆ, ಮೇಡಂಗೆ ಮಾತ್ರ ಗೊತ್ತಿತ್ತು. ವಾರಕ್ಕೆರಡು ಸಲ ಮೇಡಂ ಬಂದು ಅವಳ ಪಕ್ಕ ಕೂರುತ್ತಿದ್ದರು. ಸೂಜಿಯ ಮುಂದೆ ಎಡಗೈ ಬೆರಳು ಕಾವಲಿಡುವುದು, ಅಂಚನ್ನು ಉಗುರಿನಿಂದ ಅಳೆಯುವುದು, ಒಂದೊಂದು ಸಾಮಾನಿಗೂ ಒಂದೊಂದು ಜಾಗ ಕೊಟ್ಟು ಅಲ್ಲಿಂದಲೇ ತೆಗೆಯುವುದು. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದವು. ಡಬ್ಬಿಗಳಿಗೆ ಡಿಕ್ಕಿ ಹೊಡೆಯುವುದು ತಾನಾಗಿ ನಿಂತಿತು.

ತೆನೆ ಮಾತ್ರ ಬಗ್ಗಲಿಲ್ಲ. ಚಪ್ಪಟೆಯಾಗಿ ಹೊಲಿದರೆ ಮಕ್ಕಳು "ಎಲೆ" ಅನ್ನುತ್ತಿದ್ದರು, ಉಬ್ಬಿಸಿದರೆ "ಹೂಕೋಸು" ಅನ್ನುತ್ತಿದ್ದರು. ಮೂರು ಸಲ ಬಿಚ್ಚಿದೆವು. ಗೌರಮ್ಮ ತಮ್ಮ ನೆಂಟರ ಊರಿಂದ ನಿಜವಾದ ತೆನೆ ತರಿಸಿ ರೇಣುಕಾಳ ಅಂಗೈಯಲ್ಲಿಟ್ಟರು. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಟೈಲರ್‌ಗಳು ಕೊಟ್ಟಿದ್ದ ಪೈಪಿಂಗ್ ದಾರ ತೆಗೆದು, ಐದು ಎಳೆಗಳಿಗೆ ಒರಟು ನೂಲು ಸುತ್ತಿ, ಒಂದೇ ಬುಡದಿಂದ ಒಳಮುಖವಾಗಿ ಬಾಗಿಸಿ ಹೊಲಿದಳು. ಚಂದನಾ ಅದನ್ನು ಮುಟ್ಟಿ, ತನ್ನ ಇನ್ನೊಂದು ಕೈಯನ್ನು ಅರ್ಧ ಮುಷ್ಟಿ ಮಾಡಿದಳು. "ರಾಗಿ ಹಿಂಗೆ ಕೈ ಮುಚ್ಕೊಂಡು ನಿಂತಿರುತ್ತಾ?" ಗೌರಮ್ಮ "ಹೂಂ ಕಣವ್ವ, ಥೇಟ್ ಹಂಗೇ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಡಿಸೆಂಬರಿನಲ್ಲಿ ಕಾಳಿನ ಜೇಬುಗಳಿಗೆ ಹುಳ ಬಿತ್ತು. ಹನ್ನೆರಡನ್ನೂ ಬಿಚ್ಚಿ, ಗೌರಮ್ಮ ಬಾಣಲೆಯಲ್ಲಿ ಹದವಾಗಿ ಹುರಿದುಕೊಟ್ಟ ಹೊಸ ಕಾಳು ತುಂಬಿಸಿ ಮತ್ತೆ ಹೊಲಿದದ್ದಾಯಿತು. ಹೊಲದ ಪುಟಕ್ಕೆ ಅಂಕಲ್ ಕೊಟ್ಟ ಕಾರ್ಡುರಾಯ್ ಹೇಳಿ ಮಾಡಿಸಿದಂತಿತ್ತು. ಅದರ ಗೀರುಗಳ ಮೇಲೆ ಬೆರಳು ಓಡಿಸಿದರೆ ನೇಗಿಲ ಸಾಲಿನಲ್ಲಿ ನಡೆದಂತಾಗುತ್ತಿತ್ತು. ಆದರೆ ಅದರಲ್ಲಿ ಮಕ್ಕಳ ಬ್ಯಾಗು ಹೊಲಿದು ಉಳಿದದ್ದು ಏಳು ಪುಸ್ತಕಕ್ಕೆ ಮಾತ್ರ. ಅಳಿಯನ ಕಾರ್ಖಾನೆಯಲ್ಲಿ ಆ ಬಟ್ಟೆ ನಿಂತುಹೋಗಿತ್ತು. ಉಳಿಕೆ ಸಾಮಾನಿನ ಕೆಲಸದಲ್ಲಿ ಇವತ್ತು ಸಿಕ್ಕಿದ್ದು ನಾಳೆ ಸಿಗುವುದಿಲ್ಲ. ನಾನು ಅಂಗಡಿಯಿಂದ ಕೊಂಡು ತರುತ್ತೇನೆ ಎಂದೆ. ರೇಣುಕಾ ಒಪ್ಪಲಿಲ್ಲ.

"ಎಲ್ಲರ ಹೊಲಾನೂ ಒಂದೇ ಥರ ಇರುತ್ತಾ ಅಕ್ಕ?"

ಐದು ಪುಸ್ತಕಗಳಿಗೆ ಐದು ಬಗೆಯ ಹೊಲ ಮಾಡಿದಳು. ಒಂದಕ್ಕೆ ನಿರಿಗೆ ಹಿಡಿದು ಹೊಲಿದ ಗೋಣಿ, ಒಂದಕ್ಕೆ ಚಪ್ಪಲಿಯ ಗೀರು ರಬ್ಬರು, ಒಂದಕ್ಕೆ ಅಕ್ಕಪಕ್ಕ ಜೋಡಿಸಿದ ಝಿಪ್ಪು. ಆ ಐದಕ್ಕೇ ಮುಂದೆ ಮಕ್ಕಳು ಕಿತ್ತಾಡಿದರು.

ಕೊನೆಯ ಪುಟದ ಮಳೆಗೆ ಅವಳು ಯಾವ ಬಟ್ಟೆಯನ್ನೂ ಹಚ್ಚಲಿಲ್ಲ. ಬರಿ ದಾರದ ಗಂಟುಗಳು. ಮೇಲೆ ವಿರಳ, ಕೆಳಗೆ ಬರುತ್ತ ದಟ್ಟ. ಒಂದೊಂದು ಪುಟಕ್ಕೂ ಎರಡು ದಿನ ಹಿಡಿಯಿತು. ಕೊನೆಯ ನಾಲ್ಕು ಪುಟ ಹೊಲಿಯುವಾಗ ನಾನು ಪಕ್ಕದಲ್ಲಿದ್ದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು, ಕೈ ಮಾತ್ರ ಹೊಲಿಯುತ್ತಿತ್ತು.

ಮಾರ್ಚ್‌ನ ಓದಿನ ದಿನ ನಾವೆಲ್ಲ ತ್ಯಾಗರಾಜನಗರಕ್ಕೆ ಹೋದೆವು. ಆರೂ ಹೆಂಗಸರು ಒಳ್ಳೆಯ ಸೀರೆ ಉಟ್ಟಿದ್ದರು. ಗೌರಮ್ಮ ಮೊದಲ ಸಾಲಿನಲ್ಲಿ, ಕಾರ್ಡುರಾಯ್ ಅಂಕಲ್ ಕೊನೆಯ ಸಾಲಿನಲ್ಲಿ. ಬೇರೆ ಎರಡು ಶಾಲೆಗಳ ಶಿಕ್ಷಕಿಯರೂ ಬಂದಿದ್ದರು. ನನಗೆ ಅಕ್ಟೋಬರಿನ ಬೆಳಿಗ್ಗೆ ಮರೆತಿರಲಿಲ್ಲ. ಚಂದನಾ ಮೇಜಿನ ಮುಂದೆ ಕೂತು, ಪುಟದ ಕೆಳಗೆ ಮೇಡಂ ಹಾಕಿಕೊಟ್ಟಿದ್ದ ಬ್ರೈಲ್ ಸಾಲನ್ನು ಎಡಗೈಯಿಂದ ಓದುತ್ತ, ಬಲಗೈಯಿಂದ ಚಿತ್ರ ಮುಟ್ಟುತ್ತ ಹೋದಳು. ಮುದ್ದೆ ಬಂದಾಗ "ಬಿಸಿ ಇಲ್ಲ" ಎಂದು ಎಲ್ಲರನ್ನೂ ನಗಿಸಿದಳು. ಕಾಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಹೊಲದ ಸಾಲುಗಳಲ್ಲಿ ಎರಡು ಬೆರಳುಗಳನ್ನು ಕಾಲು ಮಾಡಿಕೊಂಡು ನಡೆದಳು. ಮಳೆಯ ಪುಟ ಬಂದಾಗ ಓದುವುದನ್ನು ನಿಲ್ಲಿಸಿ, ಎರಡೂ ಅಂಗೈಗಳನ್ನು ಗಂಟುಗಳ ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಸಿದಳು.

"ಜೋರಾಯ್ತು" ಅಂದಳು. "ಮಿಸ್, ಕೆಳಗೆ ಬರ್ತಾ ಮಳೆ ಜೋರಾಯ್ತು!"

ಚಪ್ಪಾಳೆ ಮುಗಿದ ಮೇಲೆ ಅವಳು, "ಇದನ್ನ ಹೊಲಿದೋರು ಯಾರು? ನನಗೆ ಅವರ ಕೈ ಬೇಕು" ಎಂದು ಕೇಳಿದಳು. ನಾಗವೇಣಿ ಮೇಡಂ ರೇಣುಕಾಳ ಹೆಸರು ಕರೆದರು. ರೇಣುಕಾ ಎದ್ದು ಹೋಗಿ ಮಂಡಿಯೂರಿ ಕೂತು ಕೈ ಚಾಚಿದಳು. ಚಂದನಾ ಆ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಜಡ್ಡುಗಟ್ಟಿದ ತುದಿಗಳನ್ನು ಒತ್ತಿ ನೋಡಿದಳು.

"ನಿಮ್ಮ ಕೈ ನಮ್ಮ ಮಿಸ್ ಕೈ ಥರ ಇದೆ. ನಿಮಗೂ ಕಣ್ಣು ಕಾಣಲ್ವಾ?"

ಹೆಂಗಸರಲ್ಲೊಬ್ಬಳು "ಏಯ್, ಹಂಗೆಲ್ಲ ಕೇಳ್ಬಾರ್ದು" ಎಂದು ಮೆಲ್ಲಗೆ ಅಂದಳು. ರೇಣುಕಾಳ ಒಂದು ನಗು, ಒಂದು ಹಾರಿಕೆಯ ಮಾತು ಸಾಕಿತ್ತು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

"ಸ್ವಲ್ಪ ಕಾಣುತ್ತೆ ಪುಟ್ಟಿ" ಅಂದಳು ರೇಣುಕಾ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಮುಂದೆ ಇನ್ನೂ ಕಮ್ಮಿ ಆಗುತ್ತಂತೆ. ಅದಕ್ಕೇ ನಿಮ್ಮ ಮಿಸ್ ಹತ್ರ ಕಲೀತಾ ಇದ್ದೀನಿ."

"ನನಗೂ ಹೊಲಿಗೆ ಹೇಳ್ಕೊಡ್ತೀರಾ?"

"ಬಾ. ಶನಿವಾರ ಬಾ."

ವಾಪಸ್ ಬರುವಾಗ ಬಸ್ಸಿನಲ್ಲಿ ಹೆಂಗಸರು ರೇಣುಕಾಳತ್ತ ನೋಡುವುದು, ಕಿಟಕಿಯತ್ತ ತಿರುಗುವುದು. ಒಬ್ಬಳು ಅವಳ ಕೈಚೀಲವನ್ನು ತಾನು ಹಿಡಿದುಕೊಳ್ಳಲು ಹೋದಳು, ರೇಣುಕಾ ಕೊಡಲಿಲ್ಲ. ಇಟ್ಟಮಡುವಿನಲ್ಲಿ ಇಳಿಯುವಾಗ ಗೌರಮ್ಮ ಹಿಂತಿರುಗಿ ಅವಳನ್ನು ಕೂಗಿದರು.

"ಲೇ ರೇಣುಕಾ, ನಾಳೆ ಬೇಗ ಬಾ. ನಾಲ್ಕು ಮೂಟೆ ಬಂದೈತೆ. ಯಾವುದು ಇಟ್ಕೋಬೇಕು, ಯಾವುದು ವಾಪಸ್ ಕಳಿಸ್ಬೇಕು ಅಂತ ಇವಕ್ಕೆಲ್ಲ ಏನ್ ತಿಳೀತದೆ? ನೀನೇ ನೋಡ್ಬೇಕು."

ಮರುದಿನ ಎಂಟೂವರೆಗೆ ನಾನು ಕೆಳಗಿಳಿದು ಬಂದಾಗ ಮೂಟೆಗಳು ಆಗಲೇ ಬಿಚ್ಚಿದ್ದವು. ರೇಣುಕಾ ನೆಲದ ಮೇಲೆ ಕೂತಿದ್ದಳು. ಸುತ್ತ ಆರೂ ಹೆಂಗಸರು ಅವಳಂತೆಯೇ ಕಣ್ಣು ಮುಚ್ಚಿಕೊಂಡು, ಬೆರಳ ನಡುವೆ ಬಟ್ಟೆ ಉಜ್ಜುತ್ತ, ಒಂದೊಂದೇ ತುಂಡನ್ನು ಅವಳ ಕೈಗೆ ದಾಟಿಸುತ್ತಿದ್ದರು. ಅವಳು ಮುಟ್ಟಿ ನೋಡಿ ಹೇಳುತ್ತಿದ್ದಳು: "ಇದು ಬೇಕು. ಇದು ಬೇಡ. ಇದು ಬೇಕು."